ಬಿರುಗಾಳಿಗೂ ಮೊದಲೇ ಸೋತ ನೌಕಾಪಡೆ: 1588ರ ಆರ್ಮಡಾ ದಾಖಲೆಗಳನ್ನು ಓದುವುದು ಹೇಗೆ

1588ರಲ್ಲಿ ಸ್ಪೇನಿನ ದೊರೆ ಎರಡನೇ ಫಿಲಿಪ್ ಇಂಗ್ಲೆಂಡಿನ ಮೇಲೆ ಕಳಿಸಿದ ಆರ್ಮಡಾ ಎಂಬ ನೌಕಾಪಡೆ ಯಾಕೆ ಸೋತಿತು ಎಂದು ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವುದು ಒಂದೇ ಉತ್ತರ. ಬಿರುಗಾಳಿ. ಸ್ವಲ್ಪ ಜಾಸ್ತಿ ಓದಿದವರು ಇಂಗ್ಲಿಷ್ ನಾವಿಕ ಡ್ರೇಕ್ ಹೆಸರು ಸೇರಿಸುತ್ತಾರೆ. ಇನ್ನು ಕೆಲವರು ಸ್ಪೇನಿನ ಸೇನಾಪತಿಗೆ ಸಮುದ್ರವೇ ಗೊತ್ತಿರಲಿಲ್ಲ ಎನ್ನುತ್ತಾರೆ. ಈ ಮೂರಕ್ಕೂ ಆ ಕಾಲದ ದಾಖಲೆ ತೋರಿಸಬಹುದು. ಕಷ್ಟ ಶುರುವಾಗುವುದೇ ಅಲ್ಲಿಂದ. ಪತ್ರ, ಲೆಕ್ಕದ ಪುಸ್ತಕ, ಪದಕ, ಚಿತ್ರ, ಭಾಷಣ, ಕರಪತ್ರ, ಕೈದಿಗಳ ಹೇಳಿಕೆ, ಸಮುದ್ರದ ತಳದಲ್ಲಿ ಸಿಕ್ಕ ಗುಂಡು, ಎಲ್ಲವೂ ಉಳಿದುಕೊಂಡಿವೆ, ಆದರೆ ಎಲ್ಲವೂ ಒಂದೇ ಮಾತು ಹೇಳುವುದಿಲ್ಲ. ಯಾವುದನ್ನು ಎಷ್ಟು ನಂಬಬೇಕು?

ಮೊದಲು ನಡೆದದ್ದನ್ನು ಚುಟುಕಾಗಿ ನೋಡೋಣ, ಯಾಕೆಂದರೆ ಮುಂದಿನ ವಾದವೆಲ್ಲ ಈ ದಿನಾಂಕಗಳ ಮೇಲೇ ನಿಂತಿದೆ. ಸುಮಾರು 130 ಹಡಗು, ಸುಮಾರು 30,000 ಜನ ಮೇ ಕೊನೆಯಲ್ಲಿ ಲಿಸ್ಬನ್ ಬಿಟ್ಟರು. ಗಾಳಿಗೆ ಚೆದುರಿ ಕೊರುನ್ಯಾ ಬಂದರಿನಲ್ಲಿ ನಿಂತರು, ಜುಲೈನಲ್ಲಿ ಮತ್ತೆ ಹೊರಟರು. ಇವರೇ ಇಂಗ್ಲೆಂಡಿಗೆ ನುಗ್ಗಿ ಗೆಲ್ಲಬೇಕು ಅಂತ ಯೋಜನೆ ಇರಲಿಲ್ಲ. ಕಡಲಾಚೆ, ಇವತ್ತಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನಲ್ಲಿ ಪಾರ್ಮಾದ ಡ್ಯೂಕ್ ಹತ್ತಿರ ಸ್ಪೇನಿನ ಪಳಗಿದ ಸೈನ್ಯ ಇತ್ತು. ಆ ಸೈನ್ಯ ಚಪ್ಪಟೆ ತಳದ ದೋಣಿಗಳಲ್ಲಿ ಕಡಲು ದಾಟಬೇಕು, ಆರ್ಮಡಾ ಅದಕ್ಕೆ ಕಾವಲು ನಿಲ್ಲಬೇಕು. ಜುಲೈ 31ರಂದು ಪ್ಲಿಮತ್ ಹತ್ತಿರ, ಆಗಸ್ಟ್ 2ರಂದು ಪೋರ್ಟ್‌ಲ್ಯಾಂಡ್ ಹತ್ತಿರ, 4ರಂದು ವೈಟ್ ದ್ವೀಪದ ಹತ್ತಿರ ಗುಂಡಿನ ಕಾಳಗ ನಡೆಯಿತು. ಸ್ಪೇನಿನವರ ಸಾಲು ಮುರಿಯಲಿಲ್ಲ. 6ರಂದು ಫ್ರಾನ್ಸಿನ ಕ್ಯಾಲೆ ಬಂದರಿನ ಎದುರು ಲಂಗರು ಹಾಕಿದರು. 7ರ ರಾತ್ರಿ ಇಂಗ್ಲಿಷರು ಎಂಟು ಹಡಗುಗಳಿಗೆ ಬೆಂಕಿ ಹಚ್ಚಿ ಅವರ ಮೇಲೆ ತೇಲಿಬಿಟ್ಟರು. ಸ್ಪೇನಿನ ಹಡಗುಗಳು ಲಂಗರಿನ ಹಗ್ಗ ಕಡಿದು ದಿಕ್ಕಾಪಾಲಾದವು. ಮರುದಿನ, ಆಗಸ್ಟ್ 8ರಂದು, ಗ್ರಾವ್‌ಲೀನ್ ಹತ್ತಿರ ದೊಡ್ಡ ಕಾಳಗ. ಅಲ್ಲಿಂದ ಗಾಳಿ ಅವರನ್ನು ಉತ್ತರಕ್ಕೆ ತಳ್ಳಿತು. ಸ್ಕಾಟ್ಲೆಂಡ್, ಐರ್ಲೆಂಡ್ ಸುತ್ತಿಕೊಂಡು ಮನೆಗೆ ಹೋಗುವುದೊಂದೇ ದಾರಿ ಉಳಿಯಿತು. ಐರ್ಲೆಂಡಿನ ಕರಾವಳಿಯಲ್ಲಿ ಹಡಗುಗಳನ್ನು ಬಂಡೆಗೆ ಬಡಿದ ಆ ಹೆಸರಾಂತ ಬಿರುಗಾಳಿಗಳು ಬಂದದ್ದು ಸೆಪ್ಟೆಂಬರಿನಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಿ. ಸೆಪ್ಟೆಂಬರಿನಲ್ಲಿ ಬಿರುಗಾಳಿಗೆ ಸಿಕ್ಕಾಗ ಈ ಹಡಗುಗಳು ಎಲ್ಲಿಗೆ ಹೊರಟಿದ್ದವು? ಸ್ಪೇನಿಗೆ. ಅಂದರೆ ದಾಳಿ ಕೈಬಿಟ್ಟು ಆಗಲೇ ವಾರಗಳಾಗಿದ್ದವು. ಬಿರುಗಾಳಿ ಸಾವಿರಾರು ಜನರನ್ನು ಕೊಂದದ್ದು ನಿಜ, ಕಳೆದುಹೋದ ಹಡಗುಗಳಲ್ಲಿ ಹೆಚ್ಚಿನವು ಹೋದದ್ದು ಆಗಲೇ ಎನ್ನುವುದೂ ನಿಜ. ಆದರೆ ಅದು ನಷ್ಟದ ಲೆಕ್ಕ. ದಾಳಿ ಯಾಕೆ ಕೆಟ್ಟಿತು ಎನ್ನುವುದು ಬೇರೆ ಪ್ರಶ್ನೆ. ಈ ಎರಡು ಪ್ರಶ್ನೆಗಳನ್ನು ಒಂದು ಮಾಡಿಕೊಂಡರೆ ಎಷ್ಟು ದಾಖಲೆ ಓದಿದರೂ ದಾರಿ ತಪ್ಪುತ್ತದೆ.

ದಿನಾಂಕದ ವಿಷಯದಲ್ಲೇ ಇನ್ನೊಂದು ಗುಂಡಿ ಇದೆ. ಸ್ಪೇನ್ 1582ರಲ್ಲೇ ಹೊಸ ಗ್ರೆಗೋರಿಯನ್ ಕ್ಯಾಲೆಂಡರಿಗೆ ಹೋಗಿತ್ತು, ಇಂಗ್ಲೆಂಡ್ ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲೇ ಇತ್ತು. ಎರಡಕ್ಕೂ 10 ದಿನ ವ್ಯತ್ಯಾಸ. ಗ್ರಾವ್‌ಲೀನ್ ಕಾಳಗ ಸ್ಪೇನಿನ ಕಾಗದದಲ್ಲಿ ಆಗಸ್ಟ್ 8, ಇಂಗ್ಲಿಷ್ ಕಾಗದದಲ್ಲಿ ಜುಲೈ 29. ಎರಡೂ ಕಡೆಯ ಪತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಇದನ್ನು ಗಮನಿಸದೆ, ಯಾರು ಯಾವಾಗ ಏನು ತಿಳಿದಿದ್ದರು ಅಂತ ಲೆಕ್ಕ ಹಾಕಿದರೆ ಇಡೀ ಕಥೆಯೇ ತಲೆಕೆಳಗಾಗುತ್ತದೆ. ನಾನು ಇಲ್ಲಿ ಸ್ಪೇನಿನ ಲೆಕ್ಕವನ್ನೇ ಹಿಡಿದಿದ್ದೇನೆ.

ಸರಿ, ಬಿರುಗಾಳಿಯ ಕಥೆ ಇಷ್ಟು ಗಟ್ಟಿಯಾಗಿ ಬೇರೂರಿದ್ದು ಹೇಗೆ? ಅದಕ್ಕೆ ಮುಖ್ಯ ಸಾಕ್ಷಿಯಾಗಿ ಎಲ್ಲರೂ ತೋರಿಸುವುದು 1588ರ ಒಂದು ಪದಕ. ದೇವರು ಉಸಿರೂದಿದ, ಅವರು ಚೆದುರಿಹೋದರು ಎಂದು ಅದರ ಮೇಲೆ ಲ್ಯಾಟಿನ್‌ನಲ್ಲಿ ಬರೆದಿದೆ. ಇಂಗ್ಲೆಂಡಿನ ಎಲಿಜಬೆತ್ ರಾಣಿಯೇ ಇದನ್ನು ಮಾಡಿಸಿದಳು ಅಂತ ಎಷ್ಟೋ ಕಡೆ ಓದುತ್ತೇವೆ. ಆದರೆ ಅದು ಡಚ್ಚರು ಹೊಡೆಸಿದ ಪದಕ. ಡಚ್ಚರು ಆಗ ಫಿಲಿಪ್‌ನ ವಿರುದ್ಧ ದಂಗೆ ಎದ್ದಿದ್ದ ಪ್ರೊಟೆಸ್ಟೆಂಟರು, ಪದಕದ ಇನ್ನೊಂದು ಮುಖದಲ್ಲಿ ಅಲೆಗಳ ನಡುವೆ ಬಂಡೆಯ ಮೇಲೆ ಅಲುಗಾಡದೆ ನಿಂತ ಚರ್ಚ್ ಇದೆ. ದೇವರು ನಮ್ಮ ಧರ್ಮದ ಪಕ್ಷದಲ್ಲಿದ್ದಾನೆ ಎಂದು ಹೇಳುವುದೇ ಅದರ ಉದ್ದೇಶ. ಹಾಗಂತ ಪದಕ ನಿರುಪಯೋಗಿ ಅಲ್ಲ. 1588ರಲ್ಲಿ ಪ್ರೊಟೆಸ್ಟೆಂಟರು ಈ ಗೆಲುವನ್ನು ಹೇಗೆ ಅರ್ಥಮಾಡಿಕೊಂಡರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಹಡಗುಗಳಿಗೆ ಏನಾಯಿತು ಎಂಬುದಕ್ಕೆ ಮಾತ್ರ ಅದನ್ನು ಸಾಕ್ಷಿ ಮಾಡಬಾರದು. ಎಲಿಜಬೆತ್ತಳ ಆರ್ಮಡಾ ಚಿತ್ರವೂ ಹಾಗೆಯೇ. ಅವಳ ಹಿಂದೆ ಎರಡು ಕಿಟಕಿ, ಒಂದರಲ್ಲಿ ಬೆಂಕಿ ಹಡಗುಗಳು, ಇನ್ನೊಂದರಲ್ಲಿ ಬಿರುಗಾಳಿಗೆ ಸಿಕ್ಕು ಒಡೆಯುತ್ತಿರುವ ಹಡಗುಗಳು. ವಾರಗಳ ಅಂತರದಲ್ಲಿ ನಡೆದ ಎರಡು ಸಂಗತಿ ಒಂದೇ ಗೋಡೆಯ ಮೇಲೆ ಪಕ್ಕಪಕ್ಕ ಬಂದಾಗ ನೋಡುವವರಿಗೆ ಒಂದರಿಂದಲೇ ಇನ್ನೊಂದು ಆಯಿತು ಅನ್ನಿಸುತ್ತದೆ.

ಇನ್ನೊಂದು ವಿಚಿತ್ರ ಇದೆ. ಸೋತ ಸ್ಪೇನಿನವರೂ ಗಾಳಿಯ ಮೇಲೇ ತಪ್ಪು ಹಾಕಿದರು. ಸಾಮಾನ್ಯವಾಗಿ ಎರಡು ಶತ್ರುಗಳು ಒಂದೇ ಮಾತು ಹೇಳಿದರೆ ಅದು ನಿಜವೇ ಇರಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಆ ಅಳತೆ ನಡೆಯುವುದಿಲ್ಲ. ಗೆದ್ದವರಿಗೆ ಗಾಳಿ ದೇವರ ಕೃಪೆಯಾಗಿ ಬೇಕಿತ್ತು. ಸೋತವರಿಗೆ ಗಾಳಿ ಇದ್ದರೆ ಯೋಜನೆಯೂ ಸರಿ, ದೊರೆಯೂ ಸರಿ, ಸೈನಿಕರೂ ಸರಿ, ಯಾರ ತಪ್ಪೂ ಇಲ್ಲ. ಇಬ್ಬರಿಗೂ ಅದೇ ಕಾರಣ ಅನುಕೂಲವಾಗಿದ್ದಾಗ ಇಬ್ಬರ ಒಮ್ಮತಕ್ಕೆ ಎರಡು ಸಾಕ್ಷಿಗಳ ತೂಕ ಕೊಡಲಾಗದು.

ನಾನು ಹಡಗು ಕಳಿಸಿದ್ದು ಮನುಷ್ಯರ ಜೊತೆ ಹೋರಾಡಲು, ಗಾಳಿ ಅಲೆಗಳ ಜೊತೆ ಅಲ್ಲ ಎಂದು ಫಿಲಿಪ್ ಶಾಂತವಾಗಿ ಹೇಳಿದ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅದು ಆಮೇಲೆ ಹುಟ್ಟಿದ ಕಥೆ ಎಂದೇ ಇತಿಹಾಸಕಾರರು ನೋಡುತ್ತಾರೆ. ಫಿಲಿಪ್ ಎಲ್ಲವನ್ನೂ ಕಾಗದದ ಮೇಲೆ ನಡೆಸುತ್ತಿದ್ದ ದೊರೆ, ಬಂದ ಪತ್ರಗಳ ಅಂಚಿನಲ್ಲಿ ಸ್ವಂತ ಕೈಯಲ್ಲಿ ಬರೆಯುತ್ತಿದ್ದವನು, ಹಾಗಾಗಿ ಅವನ ನಿಜವಾದ ಮಾತು ಹುಡುಕಲು ನಾವು ದಂತಕಥೆಗೆ ಹೋಗಬೇಕಿಲ್ಲ. ಅಕ್ಟೋಬರಿನಲ್ಲಿ ಬಿಷಪ್‌ಗಳಿಗೆ ಕಳಿಸಿದ ಪತ್ರದಲ್ಲಿ, ನಷ್ಟ ಇನ್ನೂ ದೊಡ್ಡದಾಗಲಿಲ್ಲವಲ್ಲ ಎಂದು ದೇವರಿಗೆ ವಂದಿಸಿ ಎನ್ನುತ್ತಾನೆ. ನವೆಂಬರಿನಲ್ಲಿ ತನ್ನ ಕಾರ್ಯದರ್ಶಿಗೆ ಬರೆದ ಖಾಸಗಿ ಚೀಟಿಯಲ್ಲಿ ಸತ್ತರೇ ಚೆನ್ನ ಎನ್ನುವ ಮಟ್ಟಿಗೆ ಕುಸಿದಿದ್ದಾನೆ. ಬರೆದ ಮನುಷ್ಯ ಅವನೇ, ನಡುವೆ ಒಂದು ತಿಂಗಳೂ ಇಲ್ಲ. ಓದುವವರು ಯಾರು ಎಂಬುದು ಬದಲಾದ ಕೂಡಲೇ ಬರಹವೂ ಬದಲಾಯಿತು.

ಹಾಗಾದರೆ ಯಾವುದನ್ನು ಹೆಚ್ಚು ನಂಬಬೇಕು? ನನ್ನ ಪ್ರಕಾರ ಈ ವಿಷಯದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಫಲಿತಾಂಶ ಗೊತ್ತಾಗುವ ಮುಂಚೆ ಬರೆದ ಕಾಗದಗಳು. ಸೋತ ಮೇಲೆ ಬರೆಯುವವನಿಗೆ ತನ್ನನ್ನು ಉಳಿಸಿಕೊಳ್ಳಬೇಕು, ಗೆದ್ದ ಮೇಲೆ ಬರೆಯುವವನಿಗೆ ಹೆಸರು ಬೇಕು. ಮುಂಚೆ ಬರೆಯುವವನಿಗೂ ಅವನದೇ ಆಸೆ, ಭಯ ಇರುತ್ತವೆ, ಆದರೆ ಮುಂದೆ ಯಾವ ಕಾರಣ ಹೇಳಿದರೆ ಒಳ್ಳೆಯದು ಅಂತ ಅವನಿಗೆ ಇನ್ನೂ ಗೊತ್ತಿರುವುದಿಲ್ಲ.

ಅಂಥ ಕಾಗದಗಳಲ್ಲಿ ಮೊದಲನೆಯದು ಫಿಲಿಪ್ 1588ರ ಏಪ್ರಿಲ್ 1ರಂದು ಆರ್ಮಡಾದ ಮುಖ್ಯಸ್ಥ ಮೆದಿನಾ ಸಿದೋನಿಯಾದ ಡ್ಯೂಕನಿಗೆ ಕೊಟ್ಟ ಆದೇಶ. ಪಾರ್ಮಾನ ಜೊತೆ ಕೈಜೋಡಿಸು ಎನ್ನುತ್ತದೆ ಅದು. ಜೊತೆಗೆ ಒಂದು ಎಚ್ಚರಿಕೆಯೂ ಇದೆ. ಫಿರಂಗಿಯಲ್ಲಿ ಶತ್ರುವಿನ ಕೈ ಮೇಲಿದೆ, ಅವರು ದೂರದಿಂದಲೇ ಹೊಡೆಯುತ್ತಾರೆ, ನಾವು ಹತ್ತಿರ ಹೋಗಿ ಅವರ ಹಡಗಿಗೆ ಕೊಕ್ಕೆ ಹಾಕಿ ಏರಬೇಕು ಎಂಬ ಅರ್ಥದ ಮಾತು. ಅಂದರೆ ಇಂಗ್ಲಿಷರ ಹಡಗಿನ ವೇಗ, ಫಿರಂಗಿಯ ಬಲ ಸ್ಪೇನಿಗೆ ಅನಿರೀಕ್ಷಿತವಾಗಿ ಬಂದು ಬಡಿಯಲಿಲ್ಲ. ಕಾಯಿಲೆ ಮುಂಚೆಯೇ ಗೊತ್ತಿತ್ತು. ವೇಗವಾಗಿ ತಿರುಗುವ ಹಡಗನ್ನು ನಿಧಾನದ ಹಡಗು ಹಿಡಿಯುವುದು ಹೇಗೆ ಎಂಬುದಕ್ಕೆ ಮಾತ್ರ ಆ ಆದೇಶದಲ್ಲಿ ಉತ್ತರ ಇಲ್ಲ.

ಎರಡನೆಯದು ಇನ್ನೂ ದೊಡ್ಡದು. ಜೂನ್ 22ರಂದು ಪಾರ್ಮಾ ಫಿಲಿಪ್‌ಗೆ ಪತ್ರ ಬರೆದ. ನಾನು ನನ್ನ ಸಣ್ಣ ದೋಣಿಗಳಲ್ಲಿ ಹೊರಗೆ ಬಂದು ತನ್ನನ್ನು ಕೂಡಿಕೊಳ್ಳುತ್ತೇನೆ ಅಂತ ಮೆದಿನಾ ಸಿದೋನಿಯಾ ಅಂದುಕೊಂಡ ಹಾಗಿದೆ, ಅದು ಆಗುವ ಕೆಲಸ ಅಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅವು ಕಾಲುವೆಗಳಲ್ಲಿ ಓಡುವ ದೋಣಿಗಳು, ಯುದ್ಧದ ಹಡಗಿನ ಎದುರು ನಿಲ್ಲುವಂಥವಲ್ಲ. ಆ ಪತ್ರದ ಅಂಚಿನಲ್ಲಿ ಫಿಲಿಪ್ ಸ್ವಂತ ಕೈಯಲ್ಲಿ, ಇದರಲ್ಲಿ ಏನೂ ತೊಡಕಾಗದಿರಲಿ ದೇವರೇ ಎಂಬ ಅರ್ಥದ ಸಾಲು ಬರೆದಿದ್ದಾನೆ. ಕಾಳಗ ಶುರುವಾಗಲು ಇನ್ನೂ ಒಂದು ತಿಂಗಳಿಗಿಂತ ಹೆಚ್ಚು ಸಮಯ ಇತ್ತು. ಯೋಜನೆಯ ನಡುಮಧ್ಯದಲ್ಲಿ ಒಂದು ತೂತು ಇದೆ ಎಂದು ಪಾರ್ಮಾ ಹೇಳುತ್ತಿದ್ದಾನೆ, ದೊರೆ ಅದನ್ನು ಓದಿ ದೇವರ ಮೇಲೆ ಭಾರ ಹಾಕುತ್ತಿದ್ದಾನೆ. ಆರ್ಮಡಾದ ದೊಡ್ಡ ಹಡಗುಗಳು ಫ್ಲಾಂಡರ್ಸ್ ಕರಾವಳಿಯ ಆಳವಿಲ್ಲದ ನೀರಿಗೆ ಬರಲಾಗದು, ಪಾರ್ಮಾನ ದೋಣಿಗಳು ಆಳಕ್ಕೆ ಹೋಗಲಾಗದು, ನಡುವಿನ ಆ ನೀರಿನಲ್ಲಿ ಡಚ್ಚರ ಚಿಕ್ಕ ಯುದ್ಧದ ಹಡಗುಗಳು ಕಾಯುತ್ತಿವೆ. ಇಬ್ಬರೂ ಸೇರುವುದು ಎಲ್ಲಿ? ಸ್ಪೇನಿನ ಹತ್ತಿರ ಅಲ್ಲಿ ಆಳವಾದ ಒಂದು ಬಂದರೂ ಇರಲಿಲ್ಲ. ಈ ಒಂದು ಪತ್ರ, ಅದರ ಅಂಚಿನ ಆ ಒಂದು ಸಾಲು, ನನ್ನ ಪಾಲಿಗೆ ಎಲ್ಲ ಪದಕ ಚಿತ್ರಗಳಿಗಿಂತ ಜಾಸ್ತಿ ತೂಗುತ್ತದೆ.

ಮುಂಚೆ ಬರೆದದ್ದು ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬೇಕು ಅಂತಲ್ಲ. ಮೆದಿನಾ ಸಿದೋನಿಯಾ ಫೆಬ್ರವರಿ 16ರಂದು ಬರೆದ ಪತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ನಾಯಕ ಸಾಂತಾ ಕ್ರೂಜ್ ತೀರಿಕೊಂಡಿದ್ದ, ಆ ಜಾಗಕ್ಕೆ ಇವನನ್ನು ಕರೆದರು. ನನಗೆ ಸಮುದ್ರದ ಅನುಭವ ಇಲ್ಲ, ಹಡಗು ಹತ್ತಿದರೆ ಆರೋಗ್ಯ ಕೆಡುತ್ತದೆ, ಕೈಯಲ್ಲಿ ದುಡ್ಡೂ ಇಲ್ಲ ಎಂದು ಬೇಡಿಕೊಂಡ. ನಂತರ ಬಂದ ಎಷ್ಟೋ ಬರಹಗಳು ಈ ಪತ್ರವೊಂದನ್ನೇ ಹಿಡಿದು ಅವನನ್ನು ಪೆದ್ದನನ್ನಾಗಿ ಮಾಡಿವೆ. ಆದರೆ ಇದು ಒಂದು ಹುದ್ದೆ ಬೇಡ ಎನ್ನಲು ಬರೆದ ಪತ್ರ, ಅಂಥ ಪತ್ರದಲ್ಲಿ ಯಾರೂ ತನ್ನ ಸಾಮರ್ಥ್ಯದ ಪಟ್ಟಿ ಕೊಡುವುದಿಲ್ಲ. ಅವನ ಕೆಲಸ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಅಂದಲೂಸಿಯಾದ ಬಂದರುಗಳಿಂದ ಹಡಗುಗಳನ್ನು ಸಜ್ಜು ಮಾಡಿ ಕಳಿಸಿ ಅವನಿಗೆ ವರ್ಷಗಳ ಅಭ್ಯಾಸ ಇತ್ತು. ಲಿಸ್ಬನ್‌ನಲ್ಲಿ ಗೊಂದಲದ ಗೂಡಾಗಿದ್ದ ಪಡೆಯನ್ನು ಕೆಲವೇ ತಿಂಗಳಲ್ಲಿ ಹೊರಡಿಸಿದ. ಕ್ಯಾಲೆವರೆಗೂ ಅವನ ಸಾಲನ್ನು ಇಂಗ್ಲಿಷರು ಒಡೆಯಲಾಗಲಿಲ್ಲ. ಎರಡು ದಿನ ಬಿಟ್ಟು, ಫೆಬ್ರವರಿ 18ರಂದು, ಅವನು ಇನ್ನೊಂದು ಪತ್ರ ಬರೆದು ಇಡೀ ದಂಡಯಾತ್ರೆಯ ಮೇಲೇ ಅನುಮಾನ ಹೇಳಿಕೊಂಡ. ಅದನ್ನು ದೊರೆಯ ಸಲಹೆಗಾರರಾದ ಇದಿಯಾಕೆಸ್ ಮತ್ತು ಮೌರಾ ದೊರೆಗೆ ತೋರಿಸಲೇ ಇಲ್ಲ. ಇವತ್ತು ನಮಗೆ ಓದಲು ಸಿಗುವ ಪತ್ರ ಅವತ್ತು ಅದನ್ನು ಓದಬೇಕಾದವನ ಕೈಗೇ ಸೇರಲಿಲ್ಲ! ಒಂದು ದಾಖಲೆ ಉಳಿದಿದೆ ಎಂದರೆ ಅದನ್ನು ಅವತ್ತು ಯಾರು ನೋಡಿದರು ಎಂಬುದನ್ನೂ ಕೇಳಲೇಬೇಕು.

ಕಾಳಗ ಮುಗಿದ ಮೇಲಿನ ಪತ್ರಗಳಲ್ಲಿ ತಪ್ಪು ಹೊರಿಸುವ ಆಟ ಶುರುವಾಗುತ್ತದೆ. ಪಾರ್ಮಾ ಸಿದ್ಧನಿರಲಿಲ್ಲ ಎಂದು ಆರ್ಮಡಾದವರು, ಮುಂಚಿತವಾಗಿ ಸರಿಯಾದ ಸುದ್ದಿಯೇ ಬರಲಿಲ್ಲ, ಬಂದಿದ್ದರೆ ಕೆಲವೇ ದಿನದಲ್ಲಿ ಸೈನ್ಯ ಹತ್ತಿಸುತ್ತಿದ್ದೆ ಎಂದು ಪಾರ್ಮಾ. ಹಿರಿಯ ನಾವಿಕ ರೆಕಾಲ್ದೆಯ ಕಾಗದಗಳಲ್ಲಿ ಮೆದಿನಾ ಸಿದೋನಿಯಾನ ತೀರ್ಮಾನಗಳ ಮೇಲೆ ಸಿಟ್ಟು ಇದೆ. ಸಲಹೆಗಾರ ದಿಯೆಗೋ ಫ್ಲೋರೆಸ್ ದೆ ವಾಲ್ದೆಸ್ ಜೈಲಿಗೆ ಹೋದ. ಇವನ್ನೆಲ್ಲ ಓದುವಾಗ ಪಕ್ಷ ಹಿಡಿಯುವ ಆಸೆ ಬರುತ್ತದೆ. ಅದಕ್ಕಿಂತ, ಜಗಳದ ನಡುವೆಯೂ ಇಬ್ಬರೂ ಅಲ್ಲಗಳೆಯದ ಸಂಗತಿ ಯಾವುದು ಅಂತ ಹುಡುಕುವುದು ಒಳ್ಳೆಯದು. ಪಾರ್ಮಾ, ಮೆದಿನಾ ಸಿದೋನಿಯಾ ಇಬ್ಬರ ಮಾತಿನಲ್ಲೂ ಒಂದು ಅಂಶ ಸಾಮಾನ್ಯವಾಗಿ ಉಳಿಯುತ್ತದೆ: ಸುದ್ದಿ ಹೊತ್ತ ದೋಣಿಗಳು ತಡವಾಗಿ ತಲುಪಿದವು, ಎರಡು ಪಡೆಗಳು ಸರಿಯಾದ ಹೊತ್ತಿಗೆ ಒಂದನ್ನೊಂದು ಸೇರಲಿಲ್ಲ. ಕ್ಯಾಲೆ ಎದುರು ಬಯಲು ಸಮುದ್ರದಲ್ಲಿ ಲಂಗರು ಹಾಕಿ ಕಾಯಬೇಕಾಗಿ ಬಂದದ್ದೇ ಅದರಿಂದ, ಬೆಂಕಿ ಹಡಗುಗಳಿಗೆ ಗುರಿ ಸಿಕ್ಕಿದ್ದೂ ಅದರಿಂದಲೇ.

ಇಂಗ್ಲಿಷರ ಕಡೆಯ ಪತ್ರಗಳನ್ನು ತೆಗೆದುಕೊಂಡರೆ, ನೌಕಾಪಡೆಯ ಮುಖ್ಯಸ್ಥ ಹಾವರ್ಡ್ ಗ್ರಾವ್‌ಲೀನ್ ಕಾಳಗದ ದಿನವೇ ಬರೆದದ್ದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅವರ ಬಲ ಭಾರಿ ದೊಡ್ಡದು, ಆದರೂ ನಾವು ಅವರ ಗರಿಗಳನ್ನು ಒಂದೊಂದಾಗಿ ಕೀಳುತ್ತಿದ್ದೇವೆ ಎಂಬ ಧಾಟಿ ಅದು. ಗೆದ್ದುಬಿಟ್ಟೆವು ಎನ್ನುವ ಉತ್ಸಾಹ ಅಲ್ಲಿಲ್ಲ. ಮದ್ದುಗುಂಡು ಕಳಿಸಿ ಎಂಬ ಬೇಡಿಕೆ ಮಾತ್ರ ಇದೆ. ಆಮೇಲೆ ಅವನದೇ ಪತ್ರಗಳಲ್ಲಿ ಇನ್ನೊಂದು ಭೀಕರ ಸುದ್ದಿ ಬರುತ್ತದೆ. ಗೆದ್ದ ಹಡಗುಗಳಲ್ಲಿ ರೋಗ ಹರಡಿದೆ, ನಾವಿಕರಿಗೆ ಸಂಬಳ ಇಲ್ಲ, ಇಳಿದವರು ಬೀದಿಯಲ್ಲಿ ಸಾಯುತ್ತಿದ್ದಾರೆ. ಇದು ಸರಕಾರಕ್ಕೆ ಮುಜುಗರ ತರುವ ಮಾತು, ಬರೆದವನು ಅದೇ ಸರಕಾರದ ದೊಡ್ಡ ಅಧಿಕಾರಿ. ತನ್ನ ಕಡೆಗೇ ಕೆಟ್ಟ ಹೆಸರು ತರುವ ಮಾತನ್ನು ಒಬ್ಬ ಬರೆದರೆ ಅದಕ್ಕೆ ಕಿವಿಗೊಡಬೇಕು. ದುಡ್ಡು ಕೇಳಲು ಬರೆದ ಪತ್ರ, ಸ್ವಲ್ಪ ಜೋರಾಗಿಯೇ ಬರೆದಿರಬಹುದು ಎಂಬುದನ್ನೂ ನೆನಪಿಡಬೇಕು. ಆದರೆ ಕಾಳಗದಲ್ಲಿ ಸತ್ತವರಿಗಿಂತ ಎಷ್ಟೋ ಪಟ್ಟು ಹೆಚ್ಚು ಇಂಗ್ಲಿಷ್ ನಾವಿಕರು ನಂತರದ ರೋಗದಲ್ಲಿ ಸತ್ತರು ಎಂಬ ಮೂಲ ವಿಷಯ ನಿಲ್ಲುತ್ತದೆ, ಪದಕದಲ್ಲೂ ಚಿತ್ರದಲ್ಲೂ ಅವರಿಗೆ ಜಾಗ ಇಲ್ಲ.

ಎಲಿಜಬೆತ್ ಟಿಲ್ಬರಿ ಎಂಬಲ್ಲಿ ತನ್ನ ಸೈನಿಕರ ಎದುರು ಮಾಡಿದಳು ಎನ್ನುವ ಭಾಷಣವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ನನ್ನದು ದುರ್ಬಲ ಹೆಣ್ಣಿನ ದೇಹ, ಆದರೆ ಎದೆ ಒಬ್ಬ ರಾಜನದು ಎಂಬ ಆ ಮಾತು. ಅವಳು ಟಿಲ್ಬರಿಗೆ ಹೋದದ್ದು ನಿಜ, ಆದರೆ ಆ ಹೊತ್ತಿಗೆ ಆರ್ಮಡಾ ಉತ್ತರಕ್ಕೆ ದಾಟಿ ದಿನಗಳೇ ಆಗಿದ್ದವು. ಭಾಷಣದ ಈ ರೂಪ ನಮಗೆ ಸಿಗುವುದು ಲಿಯೊನೆಲ್ ಶಾರ್ಪ್ ಎಂಬ ಪಾದ್ರಿ ದಶಕಗಳ ನಂತರ ಬರೆದ ಪತ್ರದಲ್ಲಿ, ಅದು ಅಚ್ಚಾದದ್ದು 1654ರಲ್ಲಿ. ಅವಳು ಅಲ್ಲಿ ಮಾತಾಡಿದಳು ಎನ್ನಬಹುದು. ಪದಪದಕ್ಕೂ ಇದನ್ನೇ ಹೇಳಿದಳು ಎನ್ನುವುದಕ್ಕೆ ಬೇಕಾದ ಬಲ ಆ ಪತ್ರಕ್ಕಿಲ್ಲ. ಸ್ಪೇನ್ ಯಾಕೆ ಸೋತಿತು ಎಂಬುದಕ್ಕಂತೂ ಅದರಿಂದ ಏನೂ ಸಿಗದು.

ಪೂರಾ ವೇಷ ಹಾಕಿದ ದಾಖಲೆಯೂ ಒಂದಿದೆ. ಪ್ಯಾರಿಸ್‌ನಲ್ಲಿದ್ದ ಸ್ಪೇನಿನ ರಾಯಭಾರಿ ಮೆಂಡೋಜಾ ತಮ್ಮವರೇ ಗೆದ್ದರು ಎಂದು ಸುದ್ದಿ ಹಬ್ಬಿಸಿದ್ದ. ಅದಕ್ಕೆ ಎದುರಾಗಿ ಇಂಗ್ಲೆಂಡಿನಲ್ಲಿ ಒಂದು ಕರಪತ್ರ ಬಂತು. ಇಂಗ್ಲೆಂಡಿನಲ್ಲಿ ಅಡಗಿರುವ ಒಬ್ಬ ಕ್ಯಾಥೊಲಿಕ್ ಪಾದ್ರಿ ಮೆಂಡೋಜಾಗೆ ಬರೆದ ಪತ್ರ ಎನ್ನುವಂತೆ ಅದು ಇದೆ. ನಮ್ಮವರು ಸೋತರು, ಇಲ್ಲಿನ ಕ್ಯಾಥೊಲಿಕರೂ ರಾಣಿಯ ಪರವೇ ನಿಂತರು ಎಂದು ಆ ಪಾದ್ರಿ ದುಃಖದಿಂದ ಒಪ್ಪಿಕೊಳ್ಳುತ್ತಾನೆ. ಎಷ್ಟು ನಂಬುವ ಹಾಗಿದೆ ನೋಡಿ! ಅದನ್ನು ಬರೆದದ್ದು ರಾಣಿಯ ಮುಖ್ಯ ಮಂತ್ರಿ ಬರ್ಲಿ, ಅವನ ಕೈಬರಹದ ಕರಡು ಉಳಿದಿದೆ. ತನ್ನ ಕಡೆಗೇ ಕೆಟ್ಟ ಹೆಸರು ತರುವ ಮಾತಿಗೆ ತೂಕ ಜಾಸ್ತಿ ಎಂದು ಈಗ ತಾನೇ ಹೇಳಿದೆನಲ್ಲ, ಆ ಅಳತೆ ಬರ್ಲಿಗೂ ಗೊತ್ತಿತ್ತು. ಆದ್ದರಿಂದಲೇ ಆ ವೇಷ ಹಾಕಿದ. ಬರೆದವನು ನಿಜಕ್ಕೂ ಯಾರು ಎಂಬುದು ಖಚಿತವಾಗದೆ ಆ ಅಳತೆಯನ್ನು ಬಳಸಬಾರದು.

ಇನ್ನು ಐರ್ಲೆಂಡಿನಲ್ಲಿ ಬದುಕುಳಿದವರ ಮಾತು. ಸ್ಟ್ರೀಡಾ ಕಡಲತೀರದಲ್ಲಿ ಹಡಗು ಒಡೆದು ಪಾರಾದ ಕ್ಯಾಪ್ಟನ್ ಫ್ರಾನ್ಸಿಸ್ಕೊ ದೆ ಕ್ವೆಲ್ಯಾರ್ 1589ರ ಅಕ್ಟೋಬರಿನಲ್ಲಿ ಆಂಟ್‌ವರ್ಪ್‌ನಿಂದ ಒಂದು ಉದ್ದ ಪತ್ರ ಬರೆದ. ಓದಿದರೆ ಮೈ ಜುಂ ಎನ್ನುತ್ತದೆ. ತೀರದಲ್ಲಿ ಹೆಣಗಳು, ಬಟ್ಟೆ ಸುಲಿಯುವವರು, ಗುಡ್ಡಗಳಲ್ಲಿ ಅಡಗಿದ ತಿಂಗಳುಗಳು. ಆದರೆ ಈ ಮನುಷ್ಯ ಸಾಲು ಬಿಟ್ಟು ಮುಂದೆ ಹೋದ ತಪ್ಪಿಗೆ ಮರಣದಂಡನೆಗೆ ಗುರಿಯಾಗಿ ಹೇಗೋ ಉಳಿದವನು, ಹಾಗಾಗಿ ಮೇಲಿನವರ ಬಗ್ಗೆ ಅವನು ಬರೆಯುವ ಮಾತನ್ನು ಆ ನೋವಿನ ಜೊತೆಗೇ ಓದಬೇಕು. ಕೈದಿಗಳ ಹೇಳಿಕೆಯಂತೂ ಇನ್ನೂ ಕಷ್ಟ. ಸಾಂತಾ ಮರಿಯಾ ದೆ ಲಾ ರೋಸಾ ಹಡಗಿನಿಂದ ಬದುಕಿದವನು ಒಬ್ಬನೇ, ಅಸ್ಕೋಲಿಯ ರಾಜಕುಮಾರ ಅದರಲ್ಲಿ ಮುಳುಗಿ ಸತ್ತ ಎಂದು ಅವನು ಹೇಳಿದ. ಆ ರಾಜಕುಮಾರ ಕ್ಯಾಲೆಯಲ್ಲೇ ಇಳಿದುಹೋಗಿದ್ದ. ತಲೆ ಮೇಲೆ ಕತ್ತಿ ಇಟ್ಟುಕೊಂಡು ಕೇಳುವವರಿಗೆ ಅವರು ಕೇಳಲು ಬಯಸುವುದನ್ನು ಹೇಳುವುದು ಸಹಜ. ಅದೇ ಹಡಗು ಮುಳುಗುವುದನ್ನು ಪಕ್ಕದ ಹಡಗಿನಿಂದ ನೋಡಿದ ಮಾರ್ಕೋಸ್ ದೆ ಅರಂಬುರು ಬರೆದಿಟ್ಟ ದಿನಚರಿ ಇದಕ್ಕಿಂತ ಎಷ್ಟೋ ಗಟ್ಟಿ. ಅದರಲ್ಲಿ ಯಾರನ್ನೂ ಮೆಚ್ಚಿಸುವ ಮಾತಿಲ್ಲ, ಗಾಳಿ ಯಾವ ದಿಕ್ಕು, ಯಾವ ಹಡಗು ಎಲ್ಲಿ ಎಂಬುದೇ ಜಾಸ್ತಿ. ರೆಕಾಲ್ದೆ ಅವನಿಗೆ ಲಂಗರು, ಹಗ್ಗ ಕೊಟ್ಟ ವಿಷಯವೂ ಅದರಲ್ಲಿದೆ. ಈ ಸಣ್ಣ ವಿವರವನ್ನು ಸುಮ್ನೆ ಬಿಡಬೇಡಿ. ಕ್ಯಾಲೆಯಲ್ಲಿ ಬೆಂಕಿ ಹಡಗಿಗೆ ಹೆದರಿ ಕಡಿದು ಬಿಟ್ಟುಬಂದ ಲಂಗರುಗಳು ಐರ್ಲೆಂಡಿನ ತೀರದಲ್ಲಿ ಬೇಕಾದವು. ಲಂಗರು ಇದ್ದ ಹಡಗು ಬಿರುಗಾಳಿಯಲ್ಲೂ ನಿಲ್ಲಬಹುದಿತ್ತು, ಇಲ್ಲದ್ದು ಬಂಡೆಗೆ ಹೋಯಿತು. ಸೆಪ್ಟೆಂಬರಿನ ಸಾವುಗಳಲ್ಲೂ ಆಗಸ್ಟ್ 7ರ ರಾತ್ರಿಯ ಪಾಲು ಇದೆ.

ಕಾಗದಗಳನ್ನು ಪರೀಕ್ಷಿಸಲು ಕಾಗದ ಅಲ್ಲದ ಸಾಕ್ಷಿ ಸಿಕ್ಕರೆ ಅದರ ಬೆಲೆಯೇ ಬೇರೆ. 1967ರಿಂದ ಈಚೆಗೆ ಐರ್ಲೆಂಡ್, ಸ್ಕಾಟ್ಲೆಂಡ್ ಸುತ್ತ ಆರ್ಮಡಾದ ಹಲವು ಹಡಗುಗಳ ಅವಶೇಷ ಸಿಕ್ಕಿವೆ. ಆಂಟ್ರಿಮ್ ತೀರದ ಹಿರೋನಾ, ಫೇರ್ ದ್ವೀಪದ ಎಲ್ ಗ್ರಾನ್ ಗ್ರಿಫೋನ್, 1971ರಲ್ಲಿ ಡೊನೆಗಾಲ್‌ನ ಕಿನಗೋ ಕೊಲ್ಲಿಯಲ್ಲಿ ಸಿಕ್ಕ ಲಾ ತ್ರಿನಿದಾದ್ ವಾಲೆನ್ಸೆರಾ. ಇವುಗಳಲ್ಲಿ ಮತ್ತೆ ಮತ್ತೆ ಕಂಡದ್ದು, ದೊಡ್ಡ ಫಿರಂಗಿಯ ಗುಂಡುಗಳು ರಾಶಿ ರಾಶಿ ಹಾಗೆಯೇ ಉಳಿದಿವೆ. ಮನೆ ಸೇರಿದ ಹಡಗುಗಳ ಲೆಕ್ಕದ ಪುಸ್ತಕಗಳು ಸ್ಪೇನಿನ ಸಿಮಾಂಕಾಸ್ ದಾಖಲೆ ಭಂಡಾರದಲ್ಲಿವೆ, ಎಷ್ಟು ಗುಂಡು ಕೊಟ್ಟರು, ಎಷ್ಟು ವಾಪಸ್ ಬಂತು ಎಂಬ ಲೆಕ್ಕ. ಅವೂ ಇದನ್ನೇ ಹೇಳುತ್ತವೆ. ಸಣ್ಣ ಗುಂಡು ಖರ್ಚಾಗಿದೆ, ದೊಡ್ಡದು ಉಳಿದಿದೆ.

ಆದರೆ ಕಾಳಗದ ನಡುವೆ ಮೆದಿನಾ ಸಿದೋನಿಯಾ ಪಾರ್ಮಾಗೆ ಬರೆದ ಪತ್ರದಲ್ಲಿ ಗುಂಡು ಮುಗಿಯುತ್ತಿದೆ, ಕಳಿಸು ಎಂದಿದ್ದ. ಹಾಗಾದರೆ ಯಾರು ಸುಳ್ಳು? ಯಾರೂ ಅಲ್ಲ. ಅವನು ಕೇಳಿದ್ದು 4, 6, 10 ಪೌಂಡ್ ತೂಕದ ಗುಂಡುಗಳನ್ನು. ಅಂದರೆ ಸಣ್ಣ ಗುಂಡು. ಪತ್ರ, ಲೆಕ್ಕ, ಸಮುದ್ರದ ತಳ, ಮೂರೂ ಒಂದಕ್ಕೊಂದು ಸೇರಿದವು ನೋಡಿ. ಗಾಳಿಯ ಕಥೆಯಲ್ಲಿ ಇಬ್ಬರು ಒಂದೇ ಮಾತು ಹೇಳಿದ್ದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಇಲ್ಲಿ ಮೂರೂ ಬೇರೆ ಬೇರೆ ಕಾರಣಕ್ಕೆ ಉಳಿದವು, ಮೂವರಲ್ಲಿ ಯಾರಿಗೂ ಈ ವಾದ ಗೆಲ್ಲಬೇಕಿರಲಿಲ್ಲ. ಸ್ಪೇನಿನವರು ದೊಡ್ಡ ಫಿರಂಗಿಯನ್ನು ಒಮ್ಮೆ ಹೊಡೆದು ಹತ್ತಿರ ಹೋಗಿ ಹಡಗು ಏರುವ ಅಭ್ಯಾಸದವರು, ಸಮುದ್ರದ ನಡುವೆ ಬೇಗ ಬೇಗ ಮತ್ತೆ ತುಂಬಿ ಹೊಡೆಯುವ ವ್ಯವಸ್ಥೆ ಅವರಲ್ಲಿರಲಿಲ್ಲ. ಅವರ ಫಿರಂಗಿ ಗಾಡಿಗಳಲ್ಲಿ ಹಲವು ಎರಡು ದೊಡ್ಡ ಚಕ್ರ, ಹಿಂದೆ ಉದ್ದ ಬಾಲ ಇರುವಂಥವು, ಇಕ್ಕಟ್ಟಿನ ಹಡಗಿನಲ್ಲಿ ಹಿಂದಕ್ಕೆ ಎಳೆದು ತುಂಬುವುದೇ ಸಾಹಸ. ಇಂಗ್ಲಿಷರದು ನಾಲ್ಕು ಸಣ್ಣ ಚಕ್ರದ ಗಿಡ್ಡ ಗಾಡಿ. ಬರೀ ಫಿರಂಗಿಗಳ ಪಟ್ಟಿ ನೋಡಿ ಬಲ ಅಳೆದವರು ಇಲ್ಲೇ ಎಡವಿದರು. ವಾಲೆನ್ಸೆರಾದಲ್ಲಿ ಸಿಕ್ಕ ಭಾರಿ ಫಿರಂಗಿಗಳಲ್ಲಿ ಕೆಲವು ಇಂಗ್ಲೆಂಡಿನಲ್ಲಿ ಇಳಿದ ಮೇಲೆ ಕೋಟೆ ಒಡೆಯಲು ತಂದವು. ಪಟ್ಟಿಯಲ್ಲಿ ಅವು ಹಡಗಿನ ಬಲ, ಕಾಳಗದಲ್ಲಿ ಬರೀ ಭಾರ.

ಸಮುದ್ರದ ತಳವನ್ನೂ ಹಾಗೆಯೇ ನಂಬಬಾರದು ಎನ್ನುವವರ ಮಾತಿನಲ್ಲಿ ಹುರುಳಿದೆ. ಐರ್ಲೆಂಡಿನಲ್ಲಿ ಒಡೆದ ಹಡಗುಗಳಲ್ಲಿ ಬಹಳಷ್ಟು ಮೆಡಿಟರೇನಿಯನ್‌ನಿಂದ ಹಿಡಿದು ತಂದ ವ್ಯಾಪಾರದ ಹಡಗುಗಳು. 2015ರಲ್ಲಿ ಸ್ಟ್ರೀಡಾದಲ್ಲಿ ಕಂಚಿನ ಫಿರಂಗಿಗಳನ್ನು ಮೇಲೆತ್ತಿದ ಲಾ ಹುಲಿಯಾನಾ ಕೂಡ ಅಂಥದ್ದೇ. ಮುಂಚೂಣಿಯಲ್ಲಿ ಹೋರಾಡಿದ ಪೋರ್ಚುಗಲ್‌ನ ಯುದ್ಧದ ಹಡಗುಗಳಲ್ಲಿ ಹೆಚ್ಚಿನವು ಮನೆ ಸೇರಿದವು. ಹಾಗಾಗಿ ತಳದಲ್ಲಿ ಸಿಗುವುದು ಇಡೀ ಪಡೆಯ ಸರಾಸರಿ ಅಲ್ಲ. ಲೆಕ್ಕದ ಪುಸ್ತಕಗಳು ಜೊತೆಗಿರುವುದರಿಂದಲೇ ಈ ವಾದ ನಿಲ್ಲುತ್ತದೆ.

ಕೊನೆಯದಾಗಿ ನನ್ನನ್ನು ಹೆಚ್ಚು ಕಾಡುವ ವಿಷಯ ಡಚ್ಚರದು. ಇಂಗ್ಲಿಷ್ ಬರಹಗಳಲ್ಲಿ ಅವರು ಪಕ್ಕದ ಪಾತ್ರ, ಸ್ಪೇನಿನ ನೌಕಾಪಡೆಯ ವರದಿಗಳಲ್ಲಿ ಇನ್ನೂ ಕಡಿಮೆ. ಕಾರಣ ಸರಳ. ಡಚ್ಚರ ನೌಕಾ ನಾಯಕ ಜಸ್ಟಿನ್ ಆಫ್ ನಸಾವ್‌ನ ಚಿಕ್ಕ ಹಡಗುಗಳು ಡನ್‌ಕರ್ಕ್, ನ್ಯೂಪೋರ್ಟ್ ಎದುರಿನ ಆಳವಿಲ್ಲದ ನೀರಿನಲ್ಲಿ ನಿಂತಿದ್ದವು, ಪಾರ್ಮಾ ಹೊರಗೆ ಬರಲೇ ಇಲ್ಲ. ಕಾಳಗ ನಡೆಯದಿದ್ದರೆ ಅದರ ವರದಿ ಬರೆಯುವವರಿಲ್ಲ, ಪದಕ ಪಡೆಯುವ ವೀರರಿಲ್ಲ, ಸಮುದ್ರದ ತಳದಲ್ಲಿ ಗುಂಡೂ ಇಲ್ಲ. ಒಂದು ಘಟನೆ ನಡೆಯದಂತೆ ತಡೆದ ಕಾರಣವನ್ನು ದಾಖಲೆಗಳಲ್ಲಿ ಹುಡುಕುವುದು ಇಷ್ಟು ಕಷ್ಟ. ಅದರ ಗುರುತು ಸಿಗುವುದು ಬೇರೆಯವರ ಚಿಂತೆಯಲ್ಲಿ, ಆ ಜೂನ್ 22ರ ಪತ್ರದಂಥ ಕಡೆ. ಗ್ರಾವ್‌ಲೀನ್‌ನಲ್ಲಿ ಇಂಗ್ಲಿಷರು ಸೋತಿದ್ದರೂ, ಗಾಳಿ ಪೂರಾ ಸ್ಪೇನಿನ ಪರವಾಗಿ ಬೀಸಿದ್ದರೂ, ಪಾರ್ಮಾನ ಸೈನ್ಯ ಆ ಕೆಲವು ಮೈಲಿ ಆಳವಿಲ್ಲದ ನೀರನ್ನು ದಾಟಿ ಆರ್ಮಡಾವನ್ನು ತಲುಪುವುದು ಹೇಗೆ ಎಂಬ ಪ್ರಶ್ನೆಗೆ ಮ್ಯಾಡ್ರಿಡ್‌ನ ಯಾವ ಆದೇಶದಲ್ಲೂ ಉತ್ತರ ಇರಲಿಲ್ಲ.